ಹಳೆಯ ಸಂಗೀತ ಪೆಟ್ಟಿಗೆಯ ತಯಾರಕರ ಗುರುತುಗಳನ್ನು ಓದುವ ಬಗೆ

ಬೆಳಗಾವಿ ಕ್ಯಾಂಪಿನ ಹಳೆಯ ಬಂಗಲೆಗಳಲ್ಲಿ, ಜಮಖಂಡಿ, ಮುಧೋಳ, ರಾಮದುರ್ಗಗಳಂಥ ಹಿಂದಿನ ಸಂಸ್ಥಾನಗಳ ವಾಡೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳ ಹಳೆಯ ವ್ಯಾಪಾರಿ ಮನೆಗಳ ನಾಗಂದಿಗೆಯ ಮೇಲೆ ಅಪರೂಪಕ್ಕೆ ಸಂಗೀತ ಪೆಟ್ಟಿಗೆಯೊಂದು ಕಣ್ಣಿಗೆ ಬೀಳಬಹುದು. ಮುಚ್ಚಳ ತೆರೆದರೆ ಒಳಗೆ ಹಿತ್ತಾಳೆಯ ಉರುಳೆ, ಅದರ ಮೈತುಂಬ ಸೂಜಿಯಷ್ಟು ಸಣ್ಣ ಮೊಳೆಗಳು, ಮುಂದೆ ಉಕ್ಕಿನ ಹಣಿಗೆ ಇರುತ್ತವೆ. ಕೀಲಿ ಕೊಟ್ಟರೆ ಉರುಳೆ ತಿರುಗುತ್ತದೆ, ಮೊಳೆಗಳು ಹಣಿಗೆಯ ಹಲ್ಲುಗಳನ್ನು ಒಂದೊಂದಾಗಿ ಮೀಟುತ್ತವೆ, ಹಾಡು ಹೊಮ್ಮುತ್ತದೆ. ಜಿನೀವಾದ ಗಡಿಯಾರ ಕುಶಲಕರ್ಮಿ ಆಂಟ್ವಾನ್ ಫಾವ್ರ್ ಗಂಟೆ, ಸುತ್ತಿಗೆಗಳಿಲ್ಲದೆ ಉಕ್ಕಿನ ಹಲ್ಲುಗಳಿಂದಲೇ ನಾದ ಹೊರಡಿಸುವ ಈ ಉಪಾಯವನ್ನು 1796ರಲ್ಲಿ ಮುಂದಿಟ್ಟನು. ಮುಂದಿನ ನೂರು ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ, ಸೇಂಟ್ ಕ್ರಾ, ವಾಲಿ ದ ಜೂ ಕಣಿವೆ, ಕೊನೆಗೆ ಜರ್ಮನಿಯ ಲೈಪ್‌ಸಿಗ್ ನಗರ ಈ ಕಸುಬಿನ ಕೇಂದ್ರಗಳಾದವು. ನಮ್ಮ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಇಂಥ ವಿಲಾಯತಿ ಸಾಮಾನು ಮುಂಬಯಿ ಬಂದರಿನ ಮೂಲಕ ಇತ್ತ ಬರುವುದು ಸಹಜವಾಗಿತ್ತು.

ಪೆಟ್ಟಿಗೆ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು ಇದನ್ನು ಮಾಡಿದವರು ಯಾರು ಎಂಬುದನ್ನು. ಉತ್ತರ ಹುಡುಕುವವರು ಒಂದು ಮಾತನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕು. ಒಂದು ಗುರುತು ಎಷ್ಟೇ ಸ್ಪಷ್ಟವಾಗಿದ್ದರೂ ಅದೊಂದೇ ಸಾಕ್ಷಿಯಾಗಲಾರದು. ಮುಚ್ಚಳದ ಕೆಳಗಿನ ಹಾಡಿನ ಚೀಟಿ, ಯಂತ್ರ ಕೂರಿಸಿದ ತಳಫಲಕ, ಹಣಿಗೆ, ಉರುಳೆ ಈ ನಾಲ್ಕೂ ಒಂದೇ ಮಾತನ್ನು ಹೇಳಿದಾಗ ಮಾತ್ರ ತಯಾರಕನ ಹೆಸರನ್ನು ಧೈರ್ಯವಾಗಿ ಹೇಳಬಹುದು. ಹೆಸರೇ ಇಲ್ಲದ ಒಳ್ಳೆಯ ಪೆಟ್ಟಿಗೆಗಳು ಬಹಳ ಇವೆ. ಅಂಥದಕ್ಕೆ ಸುಳ್ಳು ಹೆಸರು ಅಂಟಿಸುವುದಕ್ಕಿಂತ ‘ಸ್ವಿಸ್ ಕೆಲಸ, ಸುಮಾರು 1870ರ ದಶಕ’ ಎಂದು ಬರೆದಿಡುವುದೇ ಹೆಚ್ಚು ಗೌರವದ ಕೆಲಸವೆಂದು ನಾನು ಬಲವಾಗಿ ನಂಬಿದ್ದೇನೆ.

ಮುಟ್ಟುವ ಮುನ್ನ

ಗುರುತು ಹುಡುಕುವ ಆತುರದಲ್ಲಿಯೇ ಹೆಚ್ಚಿನ ಪೆಟ್ಟಿಗೆಗಳು ಹಾಳಾಗುತ್ತವೆ. ಆದ್ದರಿಂದ ಈ ಭಾಗವನ್ನು ಯಾರೂ ಹಾರಿಸಿ ಮುಂದೆ ಹೋಗಬಾರದು. ಕೀಲಿ ತುಂಬಿದ ಸ್ಪ್ರಿಂಗಿನಲ್ಲಿ ಅಡಗಿರುವ ಬಲ ಸಣ್ಣದಲ್ಲ. ಉರುಳೆ ನಿಧಾನವಾಗಿ ತಿರುಗುವಂತೆ ಆ ಬಲವನ್ನು ಹಿಡಿದಿಡುವುದು ಒಂದು ಬದಿಗಿರುವ ಸಣ್ಣ ಗಾಳಿರೆಕ್ಕೆ ಮತ್ತು ಅದನ್ನು ಹೊತ್ತಿರುವ, ತಿರುಪಿನಂಥ ಸುತ್ತುಗೆರೆಯುಳ್ಳ ಸಪೂರ ದಂಡ. ಸ್ಪ್ರಿಂಗಿನಲ್ಲಿ ಕೀಲಿ ಇರುವಾಗ ಆ ರೆಕ್ಕೆಯ ಜೋಡಣೆಯನ್ನು ಸಡಿಲಿಸಿದರೆ ಉರುಳೆ ಕ್ಷಣಾರ್ಧದಲ್ಲಿ ಗಿರ್ರನೆ ತಿರುಗಿ, ನೂರಾರು ಮೊಳೆಗಳು ಬಾಗಿ, ಹಣಿಗೆಯ ಹಲ್ಲುಗಳು ಮುರಿದು ಬೀಳುತ್ತವೆ. ಅದನ್ನು ಸರಿಪಡಿಸುವುದು ಅತ್ಯಂತ ಕಷ್ಟದ, ದುಬಾರಿಯ ಕೆಲಸ. ಹೀಗಾಗಿ ಗುರುತು ನೋಡುವವರು ಯಾವ ತಿರುಪನ್ನೂ ಬಿಚ್ಚಬಾರದು. ಬಿಚ್ಚದೆ ಕಾಣುವ ಗುರುತುಗಳೇ ಬಹುಪಾಲು ಸಾಕಾಗುತ್ತವೆ. ಗಡಿಯಾರ ರಿಪೇರಿಯವರು ನುರಿತವರೇ ಆಗಿದ್ದರೂ ಈ ಯಂತ್ರದ ಅನುಭವವಿಲ್ಲದಿದ್ದರೆ ಅವರ ಕೈಗೂ ಕೊಡಬಾರದು.

ಎರಡನೆಯದಾಗಿ, ಹಾಡು ನಡುವೆ ನಿಂತಿದ್ದರೆ ಮೊಳೆಗಳು ಹಲ್ಲುಗಳಿಗೆ ಸಿಕ್ಕಿಕೊಂಡಿರುತ್ತವೆ. ಆ ಸ್ಥಿತಿಯಲ್ಲಿ ಪೆಟ್ಟಿಗೆಯನ್ನು ಎತ್ತಿ ಬೇರೆಡೆಗೆ ಸಾಗಿಸಬಾರದು. ಯಂತ್ರ ಓಡುವ ಸ್ಥಿತಿಯಲ್ಲಿದ್ದರೆ ಹಾಡು ಮುಗಿದು ತಾನಾಗಿ ನಿಲ್ಲುವವರೆಗೆ ಕಾಯಬೇಕು. ಬಹಳ ವರ್ಷ ಬಳಕೆಯಿಲ್ಲದೆ ಬಿದ್ದಿದ್ದ ಯಂತ್ರಕ್ಕೆ ಹೊಸದಾಗಿ ಕೀಲಿ ಕೊಡುವುದಂತೂ ಬೇಡವೇ ಬೇಡ.

ಮೂರನೆಯದು ನಮ್ಮ ಕಡೆಯ ರೂಢಿಗೆ ಸಂಬಂಧಿಸಿದ್ದು. ಹಿತ್ತಾಳೆ ಕಂಡ ಕೂಡಲೇ ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಯಿಸುವುದು ಮನೆಮನೆಯ ಅಭ್ಯಾಸ. ಪೂಜೆಯ ಪಾತ್ರೆಗಳಿಗೆ ಅದು ಸರಿ. ಸಂಗೀತ ಪೆಟ್ಟಿಗೆಯಲ್ಲಿ ಮಾತ್ರ ತಯಾರಕರು ಸೂಜಿಯಿಂದ ತೆಳ್ಳಗೆ ಗೀರಿದ ಸಂಖ್ಯೆಗಳು ಹಾಗೆ ತಿಕ್ಕಿದರೆ ಅಳಿದೇ ಹೋಗುತ್ತವೆ, ಹುಳಿ ತಗಲಿದ ಉಕ್ಕಿನ ಹಲ್ಲುಗಳು ತುಕ್ಕು ಹಿಡಿಯುತ್ತವೆ. ಮೃದುವಾದ ಒಣ ಕುಂಚದಿಂದ ಧೂಳು ತೆಗೆಯುವುದಷ್ಟೇ ಸಾಕು, ಅದೂ ಹಣಿಗೆ ಮತ್ತು ಉರುಳೆಗಳಿಂದ ದೂರದಲ್ಲಿ.

ಬೇಕಾಗುವ ಸಾಧನಗಳು ಕೆಲವೇ. ಪತ್ತಾರರು ಕಣ್ಣಿಗೆ ಹಿಡಿಯುವಂಥ ಭೂತಗನ್ನಡಿ, ಮೊಬೈಲಿನ ಟಾರ್ಚು ಮತ್ತು ಕ್ಯಾಮೆರಾ, ಅಳತೆಪಟ್ಟಿ, ಒಂದು ನೋಟುಪುಸ್ತಕ ಇದ್ದರಾಯಿತು. ಟಾರ್ಚಿನ ಬೆಳಕನ್ನು ಮೇಲಿನಿಂದ ನೇರವಾಗಿ ಬಿಡದೆ, ಲೋಹದ ಮಟ್ಟಕ್ಕೆ ಹೆಚ್ಚುಕಡಿಮೆ ಸಮನಾಗಿ ಪಕ್ಕದಿಂದ ಬಿಟ್ಟರೆ ಬರಿಗಣ್ಣಿಗೆ ಕಾಣದ ಗೀರುಗಳೂ ನೆರಳು ಬಿದ್ದು ಎದ್ದು ಕಾಣುತ್ತವೆ. ಬೆಳಕಿನ ದಿಕ್ಕನ್ನು ಬದಲಿಸುತ್ತ ಒಂದೇ ಜಾಗದ ಹಲವು ಚಿತ್ರಗಳನ್ನು ತೆಗೆಯಬೇಕು.

ಯಾವ ಬಗೆಯ ಪೆಟ್ಟಿಗೆ?

ಮೊದಲು ನೋಡಬೇಕಾದದ್ದು ಹಾಡು ಎಲ್ಲಿ ಅಡಗಿದೆ ಎಂಬುದನ್ನು. ಮೊಳೆಗಳ ಉರುಳೆಯಿದ್ದರೆ ಅದು ಬಹುಮಟ್ಟಿಗೆ ಸ್ವಿಸ್ ಪರಂಪರೆಯದು. ತೆಗೆದು ಹಾಕಬಹುದಾದ ಲೋಹದ ತಟ್ಟೆಗಳಿದ್ದರೆ 1880ರ ದಶಕದ ನಡುಭಾಗದ ನಂತರದ್ದು, ಹೆಚ್ಚಾಗಿ ಲೈಪ್‌ಸಿಗ್‌ನದು.

ಉರುಳೆಯ ಪೆಟ್ಟಿಗೆಯಾದರೆ ಕೀಲಿ ಕೊಡುವ ವಿಧಾನವೇ ಕಾಲವನ್ನು ಸ್ಥೂಲವಾಗಿ ಹೇಳುತ್ತದೆ. ಗಡಿಯಾರಕ್ಕೆ ಕೊಡುವಂತೆ ಬಿಡಿ ಚಾವಿ ಹಾಕಿ ತಿರುಗಿಸುವ ವ್ಯವಸ್ಥೆಯಿದ್ದರೆ ಸಾಮಾನ್ಯವಾಗಿ 1860ಕ್ಕಿಂತ ಹಿಂದಿನದು. ಒಳಗೇ ಜೋಡಿಸಿದ ಹಿಡಿಕೆಯನ್ನು ಹಿಂದೆ ಮುಂದೆ ಎಳೆದು ಕೀಲಿ ತುಂಬುವಂತಿದ್ದರೆ ಆಮೇಲಿನದು. ಫ್ರಾನ್ಸಿನ ಸೇಂಟ್ ಸುಜಾನ್‌ನಲ್ಲಿ 1839ರಲ್ಲಿ ಆರಂಭವಾದ ಲೆಪೇ ಕಾರ್ಖಾನೆಯಂಥವರು ಚಾವಿಯ ಪೆಟ್ಟಿಗೆಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದಾರಾದ್ದರಿಂದ ಚಾವಿ ಕಂಡ ಮಾತ್ರಕ್ಕೆ ಜಿನೀವಾ ಎನ್ನಬಾರದು. ಹಣಿಗೆಯನ್ನೂ ಇಲ್ಲಿಯೇ ಗಮನಿಸಬೇಕು. ಎರಡು, ಮೂರು, ನಾಲ್ಕು ಹಲ್ಲುಗಳ ಸಣ್ಣ ತುಂಡುಗಳನ್ನು ಸಾಲಾಗಿ ತಿರುಪು ಹಾಕಿ ಕೂಡಿಸಿದ್ದರೆ ಅದು ಹತ್ತೊಂಬತ್ತನೆಯ ಶತಮಾನದ ಆರಂಭದ ಅಪರೂಪದ ಕೆಲಸ. ಇಡೀ ಹಣಿಗೆ ಒಂದೇ ಉಕ್ಕಿನ ಪಟ್ಟಿಯಿಂದ ಕೊರೆದದ್ದಾದರೆ ಅದರ ನಂತರದ್ದು. ಹಾಗೆಯೇ, ತಳಫಲಕ ಹಿತ್ತಾಳೆಯದೋ ಬಣ್ಣ ಬಳಿದ ಎರಕದ ಕಬ್ಬಿಣದ್ದೋ ನೋಡಬೇಕು. ಎರಕದ ಕಬ್ಬಿಣ ಶತಮಾನದ ಕೊನೆಯ ದಶಕಗಳಲ್ಲಿ ರೂಢಿಗೆ ಬಂದದ್ದು.

ಹಾಡಿನ ಚೀಟಿ

ಮುಚ್ಚಳದ ಒಳಮೈಗೆ ಅಂಟಿಸಿರುವ, ಅಂಚಿಗೆ ಚಿತ್ರಾಲಂಕಾರವಿರುವ ಕಾಗದವೇ ಹಾಡಿನ ಚೀಟಿ. ಅಲಂಕಾರ ಅಚ್ಚಿನದು, ಹಾಡುಗಳ ಹೆಸರು ಕೈಬರಹದ್ದು. ಮೂಲೆಯಲ್ಲಿ ಅಥವಾ ತಲೆಯಲ್ಲಿ ಪೆಟ್ಟಿಗೆಯ ಕ್ರಮಸಂಖ್ಯೆ, ಕೆಲವೊಮ್ಮೆ ಅದರ ಪಕ್ಕದಲ್ಲಿಯೇ ಇನ್ನೊಂದು ಸಣ್ಣ ಸಂಖ್ಯೆ ಇರುತ್ತದೆ. ಈ ಎರಡನ್ನೂ ತಪ್ಪದೆ ಬರೆದುಕೊಳ್ಳಬೇಕು, ಮುಂದೆ ಲೋಹದ ಮೇಲೆ ಹುಡುಕಬೇಕಾದದ್ದು ಇವನ್ನೇ. ಆ ಕಾಲದ ಫ್ರೆಂಚ್ ಕೈಬರಹದಲ್ಲಿ ಒಂದರ ಅಂಕಿಗೆ ಉದ್ದನೆಯ ಬಾಲವಿರುವುದರಿಂದ ಅದು ಏಳರಂತೆ ಕಾಣುತ್ತದೆ, ನಿಜವಾದ ಏಳಕ್ಕೆ ನಡುವೆ ಅಡ್ಡಗೆರೆ ಇರುತ್ತದೆ. ಇದೊಂದನ್ನು ತಿಳಿದಿದ್ದರೆ ಕ್ರಮಸಂಖ್ಯೆಯ ಅರ್ಧಕ್ಕರ್ಧ ಗೊಂದಲ ಕಳೆಯುತ್ತದೆ.

ಚೀಟಿಯ ಅಲಂಕಾರದೊಳಗೆ ತಯಾರಕನ ಹೆಸರೋ ಹೆಸರಿನ ಮೊದಲಕ್ಷರಗಳೋ ಇರಬಹುದು. 1815ರಿಂದ ನಡೆದುಬಂದ ಜಿನೀವಾದ ನಿಕೋಲ್ ಫ್ರೇರ್, ಅದೇ ಊರಿನ ಬಿ. ಎ. ಬ್ರೆಮೋಂ, ಸೇಂಟ್ ಕ್ರಾದ ಪಯ್ಯಾರ್ ಮತ್ತು ಮೆರ್ಮೋ ಫ್ರೇರ್ ಮುಖ್ಯ ಹೆಸರುಗಳು. ಪಯ್ಯಾರ್ ಮನೆತನದ ಒಂದು ಶಾಖೆ ಪಯ್ಯಾರ್ ವೋಶೇ ಫೀಸ್ ಎಂಬ ಹೆಸರಿನ ಪಿ, ವಿ, ಎಫ್ ಎಂಬ ಮೂರು ಅಕ್ಷರಗಳನ್ನು ಬಳಸಿತು. ಇಲ್ಲಿ ಒಂದು ಬಲೆಯಿದೆ. ಚೀಟಿಯ ತೀರ ಕೆಳಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ಲಿತ್’ ಎಂಬ ಸಂಕ್ಷೇಪದೊಂದಿಗೆ ಬರುವ ಹೆಸರು ಆ ಕಾಗದವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದವನದು. ಅವನಿಗೂ ಪೆಟ್ಟಿಗೆಗೂ ಸಂಬಂಧವಿಲ್ಲ. ಒಬ್ಬನೇ ಮುದ್ರಕ ಹಲವು ತಯಾರಕರಿಗೆ ಚೀಟಿ ಮಾಡಿಕೊಟ್ಟಿರಬಹುದು. ಮುದ್ರಕನ ಹೆಸರನ್ನೇ ತಯಾರಕನ ಹೆಸರೆಂದು ಮಾರುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ.

ಚೀಟಿಯಲ್ಲಿರುವ ಹಾಡುಗಳು ಇನ್ನೊಂದು ಒಳ್ಳೆಯ ಸಾಕ್ಷಿ. ಅವು ಬಹಳವಾಗಿ ಆ ಕಾಲದ ಯುರೋಪಿನ ಸಂಗೀತ ನಾಟಕಗಳ ಹಾಡುಗಳು. ನಾಟಕ ರಂಗಕ್ಕೆ ಬರುವ ಮೊದಲು ಅದರ ಹಾಡು ಪೆಟ್ಟಿಗೆಗೆ ಬರಲು ಸಾಧ್ಯವಿಲ್ಲ. ಗುನೋ ರಚಿಸಿದ ‘ಫೌಸ್ಟ್’ ಮೊದಲು ರಂಗಕ್ಕೆ ಬಂದದ್ದು 1859ರಲ್ಲಿ, ಗಿಲ್ಬರ್ಟ್ ಮತ್ತು ಸಲಿವನ್ ಅವರ ‘ಮಿಕಾಡೊ’ 1885ರಲ್ಲಿ. ಚೀಟಿಯ ಆರೆಂಟು ಹಾಡುಗಳಲ್ಲಿ ‘ಮಿಕಾಡೊ’ದ ಒಂದೇ ಒಂದು ಹಾಡಿದ್ದರೂ ಆ ಪೆಟ್ಟಿಗೆ 1885ಕ್ಕಿಂತ ಹಳೆಯದಲ್ಲ. ಪಟ್ಟಿಯಲ್ಲಿನ ಅತಿ ಹೊಸ ಹಾಡು ಯಾವುದೆಂದು ಕಂಡುಹಿಡಿಯುವುದೇ ಇಲ್ಲಿಯ ಕೆಲಸ. ಹಳೆಯ ಹಾಡುಗಳು ಎಷ್ಟಿದ್ದರೂ ಅವುಗಳಿಂದ ಏನೂ ತೀರ್ಮಾನವಾಗುವುದಿಲ್ಲ. ನಮ್ಮ ನಾಟಕ ಕಂಪನಿಗಳ ರಂಗಗೀತೆಗಳ ಕಾಲಾನುಕ್ರಮ ಬಲ್ಲ ಹಿರಿಯರು ಈ ತರ್ಕವನ್ನು ತಕ್ಷಣ ಹಿಡಿಯಬಲ್ಲರು.

ಚೀಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು, ಬಿಡಿಸಲು ಹೋಗಬಾರದು. ಬೆಳಗಾವಿಯ ಮಳೆಗಾಲದ ತೇವದಲ್ಲಿ ಅದರ ಅಂಟು ಬಿಟ್ಟು ಅಂಚು ಸುರುಳಿಯಾಗಿದ್ದರೆ ಹಾಗೆಯೇ ಬಿಟ್ಟು ಚಿತ್ರ ತೆಗೆದಿಟ್ಟುಕೊಳ್ಳುವುದು ಕ್ಷೇಮ.

ಲೋಹದ ಮೇಲಿನ ಗುರುತುಗಳು

ಕಾಗದವನ್ನು ಬದಲಿಸಬಹುದು, ಹಳೆಯ ಚೀಟಿಯ ನಕಲನ್ನು ಅಂಟಿಸಬಹುದು. ಲೋಹವನ್ನು ಬದಲಿಸುವುದು ಅಷ್ಟು ಸುಲಭವಲ್ಲವಾದ್ದರಿಂದ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ.

ತಳಫಲಕದಿಂದ ಆರಂಭಿಸಬೇಕು. ಅದರ ಮೂಲೆಗಳಲ್ಲಿ, ಸ್ಪ್ರಿಂಗಿನ ಡಬ್ಬಿಯ ಪಕ್ಕದಲ್ಲಿ, ಹಣಿಗೆಯ ಮುಂದಿನ ಅಂಚಿನಲ್ಲಿ ಉಳಿಮುದ್ರೆಯಿಂದ ಒತ್ತಿದ ಅಂಕಿಗಳಿರುತ್ತವೆ. ದೊಡ್ಡದಾದ, ನಾಲ್ಕೈದು ಅಂಕಿಗಳ ಸಂಖ್ಯೆ ಸಾಮಾನ್ಯವಾಗಿ ಪೆಟ್ಟಿಗೆಯ ಕ್ರಮಸಂಖ್ಯೆ. ಅದು ಚೀಟಿಯ ಕ್ರಮಸಂಖ್ಯೆಯೊಂದಿಗೆ ಹೊಂದಿದರೆ ಚೀಟಿ ಈ ಯಂತ್ರದ್ದೇ ಎಂಬುದು ಖಚಿತವಾಗುತ್ತದೆ, ಚೀಟಿಯಲ್ಲಿರುವ ತಯಾರಕನ ಹೆಸರಿಗೂ ಬೆಲೆ ಬರುತ್ತದೆ. ನಿಕೋಲ್ ಫ್ರೇರ್‌ನವರು ತಮ್ಮ ಹೆಸರನ್ನು ಲೋಹದ ಮೇಲೂ ಸ್ಪಷ್ಟವಾಗಿ ಒತ್ತುತ್ತಿದ್ದರು, ಆದ್ದರಿಂದ ಚೀಟಿಯಲ್ಲಿ ಮಾತ್ರ ನಿಕೋಲ್ ಎಂದಿದ್ದು ಲೋಹದ ಮೇಲೆ ಎಲ್ಲಿಯೂ ಆ ಹೆಸರಿಲ್ಲದಿದ್ದರೆ ಅನುಮಾನಪಡಲು ಕಾರಣವಿದೆ.

ಬಳಿಕ ಹಣಿಗೆ. ಹಲ್ಲುಗಳನ್ನು ಬೆರಳಿನಿಂದ ಮುಟ್ಟದೆ, ಹಲ್ಲುಗಳ ಬುಡದಲ್ಲಿ ತಿರುಪುಗಳ ನಡುವೆ ಇರುವ ಸಮತಟ್ಟಾದ ಪಟ್ಟಿಯನ್ನು ಭೂತಗನ್ನಡಿಯಿಂದ ಎಡದಿಂದ ಬಲಕ್ಕೆ ನೋಡುತ್ತ ಹೋಗಬೇಕು. ಫ್ರಾಂಸ್ವಾ ನಿಕೋಲ್, ಲಕೂಲ್ಟ್ರ್, ಡ್ಯುಕೊಮಾ ಜಿರೋ ಮೊದಲಾದವರ ಹೆಸರುಗಳು ಸಿಗುವುದು ಇಂಥಲ್ಲಿ. ಲಕೂಲ್ಟ್ರ್ ಎಂಬ ಹೆಸರಿನ ಕುಶಲಕರ್ಮಿಗಳು ಒಂದಕ್ಕಿಂತ ಹೆಚ್ಚು ಇದ್ದರು, ಪಾಲುದಾರಿಕೆಗಳೂ ಬದಲಾಗುತ್ತಿದ್ದವು. ಹಾಗಾಗಿ ಆ ಹೆಸರು ಕಂಡರೆ ಅದರ ಹಿಂದೆ ಮುಂದೆ ಇರುವ ಅಕ್ಷರಗಳನ್ನೂ ‘ಫ್ರೇರ್’, ‘ಫೀಸ್’ ಎಂಬಂಥ ಪದಗಳನ್ನೂ ಒಂದೂ ಬಿಡದೆ ಬರೆದುಕೊಳ್ಳಬೇಕು. ‘ಫ್ರೇರ್’ ಎಂದರೆ ಸಹೋದರರು, ‘ಫೀಸ್’ ಎಂದರೆ ಮಗ ಅಥವಾ ಗಂಡುಮಕ್ಕಳು. ಒಂದೇ ಮನೆತನದ ಬೇರೆ ಬೇರೆ ಅಂಗಡಿಗಳನ್ನು ಬಿಡಿಸಿ ಹೇಳುವುದು ಇವೇ ಪದಗಳು.

ಇನ್ನು ಅತ್ಯಂತ ಉಪಯುಕ್ತವಾದ, ಆದರೆ ಹೆಚ್ಚಿನವರು ಗಮನಿಸದೇ ಹೋಗುವ ಗುರುತೆಂದರೆ ಸ್ವರಶ್ರೇಣಿಯ ಸಂಖ್ಯೆ. ಉರುಳೆಯ ಮೊಳೆಗಳು ಯಾವ ಹಲ್ಲನ್ನು ಮೀಟಿದರೆ ಯಾವ ಸ್ವರ ಬರಬೇಕೆಂಬುದು ಆ ಪೆಟ್ಟಿಗೆಗೇ ಗೊತ್ತುಮಾಡಿದ ಏರ್ಪಾಡು. ಹಣಿಗೆಯನ್ನು ಶ್ರುತಿ ಮಾಡುವವನೂ ಉರುಳೆಗೆ ಮೊಳೆ ಗುರುತಿಸುವವನೂ ಬೇರೆ ಬೇರೆ ಕಡೆ ಕೂತು ಕೆಲಸ ಮಾಡುತ್ತಿದ್ದುದರಿಂದ ಇಬ್ಬರೂ ಒಂದೇ ಏರ್ಪಾಡನ್ನು ಅನುಸರಿಸಲೆಂದು ಅದಕ್ಕೊಂದು ಸಂಖ್ಯೆ ಕೊಡುತ್ತಿದ್ದರು. ಆ ಸಂಖ್ಯೆಯನ್ನು ಹಣಿಗೆಯ ಮೇಲೂ ಉರುಳೆಯ ಕೊನೆಯ ಮುಚ್ಚಳದ ಮೇಲೂ ಸೂಜಿಯಿಂದ ಗೀರಿ ಅಥವಾ ಒತ್ತಿ ಬರೆಯುತ್ತಿದ್ದರು. ಚೀಟಿಯಲ್ಲಿ ಕ್ರಮಸಂಖ್ಯೆಯ ಪಕ್ಕದಲ್ಲಿ ಕಾಣುವ ಸಣ್ಣ ಸಂಖ್ಯೆ ಹಲವು ಸಲ ಇದೇ ಆಗಿರುತ್ತದೆ. ಹಣಿಗೆಯ ಸಂಖ್ಯೆ ಒಂದು, ಉರುಳೆಯ ಸಂಖ್ಯೆ ಇನ್ನೊಂದು ಆಗಿದ್ದರೆ ಎರಡು ಪೆಟ್ಟಿಗೆಗಳ ಭಾಗಗಳು ಕೂಡಿವೆಯೆಂದು ಅರ್ಥ. ಅಂಥ ಪೆಟ್ಟಿಗೆಯ ಹಣಿಗೆಯ ಮೇಲಿನ ಹೆಸರು ಎಷ್ಟೇ ದೊಡ್ಡದಾಗಿದ್ದರೂ ಇಡೀ ಪೆಟ್ಟಿಗೆಗೆ ಅದನ್ನು ಕೊಡಲಾಗದು. ನುಡಿಸಿದಾಗ ಹಾಡು ಅಸ್ತವ್ಯಸ್ತವಾಗಿ ಕೇಳಿದರೆ ಅದಕ್ಕೆ ಇದೂ ಒಂದು ಕಾರಣವಿರಬಹುದು.

ತಳಫಲಕದ ಕೆಳಮೈಯಲ್ಲಿ ಕೆಲವೊಮ್ಮೆ ಒಂದೆರಡು ಅಕ್ಷರಗಳ ಮುದ್ರೆ ಇರುತ್ತದೆ. ಅದು ಒರಟು ಫಲಕವನ್ನು ಮಾಡಿಕೊಟ್ಟ ಸರಬರಾಜುದಾರನದೂ ಆಗಿರಬಹುದಾದ್ದರಿಂದ ಅದರ ಮೇಲೆ ಹೆಚ್ಚು ಭಾರ ಹಾಕಬಾರದು. ಅದನ್ನು ನೋಡಲೆಂದು ಯಂತ್ರವನ್ನು ಹೊರತೆಗೆಯುವುದೂ ಬೇಡ.

ಉರುಳೆಯ ಬಗ್ಗೆ ಇನ್ನೊಂದು ಮಾತು. ಅದರ ಒಳಗೆ ಮೊಳೆಗಳನ್ನು ಹಿಡಿದಿಡಲು ರಾಳದ ಗಾರೆ ತುಂಬಿರುತ್ತಾರೆ. ಬಿಸಿ ತಗಲಿದರೆ ಅದು ಮೆತ್ತಗಾಗುತ್ತದೆ. ವಿಜಯಪುರ, ಬಾಗಲಕೋಟೆಗಳ ಏಪ್ರಿಲ್, ಮೇ ಬಿಸಿಲಿನಲ್ಲಿ ಒಳ್ಳೆಯ ಬೆಳಕು ಸಿಗುತ್ತದೆಂದು ಪೆಟ್ಟಿಗೆಯನ್ನು ಅಂಗಳಕ್ಕೆ ತಂದಿಟ್ಟು ಚಿತ್ರ ತೆಗೆಯುವುದಾಗಲಿ, ಮುಚ್ಚಿದ ಕಾರಿನಲ್ಲಿ ಬಿಟ್ಟುಹೋಗುವುದಾಗಲಿ ಮಾಡಬಾರದು.

ಪೇಟೆಂಟು ಮತ್ತು ದೇಶದ ಗುರುತುಗಳು

ಇವು ತಯಾರಕನ ಹೆಸರನ್ನು ಹೇಳುವುದಿಲ್ಲ, ಕಾಲವನ್ನು ಹೇಳುತ್ತವೆ. ಡಿ. ಆರ್. ಪಿ. ಎಂಬುದು ಜರ್ಮನ್ ಸಾಮ್ರಾಜ್ಯದ ಪೇಟೆಂಟಿನ ಸಂಕ್ಷೇಪ, 1877ರಿಂದ ಈಚಿನದು. ಡಿ. ಆರ್. ಜಿ. ಎಂ. ಎಂದಿದ್ದರೆ ಅದು ಅದೇ ಸಾಮ್ರಾಜ್ಯದ ನೋಂದಾಯಿತ ವಿನ್ಯಾಸದ ಗುರುತು, 1891ರಿಂದ ಈಚಿನದು. ಎಸ್. ಜಿ. ಡಿ. ಜಿ. ಎಂಬ ನಾಲ್ಕಕ್ಷರ ಫ್ರಾನ್ಸಿನ 1844ರ ಪೇಟೆಂಟ್ ಕಾಯಿದೆಗೆ ಸೇರಿದ್ದು. ಸಣ್ಣ ಶಿಲುಬೆಯ ಗುರುತಿನ ನಂತರ ಸಂಖ್ಯೆಯಿದ್ದರೆ ಅದು ಸ್ವಿಸ್ ಪೇಟೆಂಟು. ಆ ದೇಶದಲ್ಲಿ ಪೇಟೆಂಟ್ ಕಾನೂನು ಜಾರಿಗೆ ಬಂದದ್ದು 1888ರಲ್ಲಿ. ‘ಶುಟ್ಸ್‌ಮಾರ್ಕೆ’ ಎಂಬ ಜರ್ಮನ್ ಪದವನ್ನೂ ‘ದೆಪೋಸೆ’ ಎಂಬ ಫ್ರೆಂಚ್ ಪದವನ್ನೂ ಕೆಲವರು ತಯಾರಕನ ಹೆಸರೆಂದು ಓದುತ್ತಾರೆ. ಅವುಗಳ ಅರ್ಥ ವ್ಯಾಪಾರಮುದ್ರೆ, ನೋಂದಾಯಿತ ಎಂದಷ್ಟೇ.

ಮೂಲದೇಶದ ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಿದ್ದರೆ ಪೆಟ್ಟಿಗೆ ಹೆಚ್ಚಾಗಿ 1890ರ ಆಚೀಚಿನದು ಅಥವಾ ಅದಕ್ಕಿಂತ ಈಚಿನದು. ಬ್ರಿಟನ್ನಿನ 1887ರ ಸರಕು ಗುರುತುಗಳ ಕಾಯಿದೆ, ಭಾರತಕ್ಕೆ ಅನ್ವಯಿಸಿದ 1889ರ ಕಾಯಿದೆ, ಅಮೆರಿಕದ 1890ರ ಸುಂಕದ ಕಾಯಿದೆ ಈ ಮೂರರ ಒತ್ತಡದಿಂದ ಆ ಪದ್ಧತಿ ಹರಡಿತು.

ತಟ್ಟೆಯ ಪೆಟ್ಟಿಗೆಗಳು

ತಟ್ಟೆಯ ಯಂತ್ರಗಳಲ್ಲಿ ತಯಾರಕನ ಹೆಸರು ಸಾಮಾನ್ಯವಾಗಿ ಎದ್ದು ಕಾಣುವಂತೆಯೇ ಇರುತ್ತದೆ. ಪೌಲ್ ಲೊಖ್‌ಮನ್ ಆರಂಭಿಸಿದ ಸಿಂಫೋನಿಯನ್, ಗುಸ್ತಾವ್ ಬ್ರಾಖ್‌ಹೌಸನ್ ಮತ್ತು ಪೌಲ್ ರೀಸ್ನರ್ ಸೇರಿ ಕಟ್ಟಿದ ಪಾಲಿಫೋನ್, ಕ್ಯಾಲಿಯೋಪ್ ಈ ಮೂರೂ ಲೈಪ್‌ಸಿಗ್‌ನವು. ಬ್ರಾಖ್‌ಹೌಸನ್ 1892ರಲ್ಲಿ ಅಮೆರಿಕಕ್ಕೆ ಹೋಗಿ ರೆಜಿನಾ ಕಂಪನಿಯನ್ನು ಸ್ಥಾಪಿಸಿದನು. ಸೇಂಟ್ ಕ್ರಾದ ಮೆರ್ಮೋ ಫ್ರೇರ್‌ನವರು ಸ್ಟೆಲ್ಲಾ, ಮಿರಾ ಎಂಬ ಹೆಸರಿನಲ್ಲಿ ತಟ್ಟೆಯ ಯಂತ್ರಗಳನ್ನು ಮಾಡಿದರು. ಸ್ಟೆಲ್ಲಾದ ತಟ್ಟೆಗಳ ಕೆಳಮೈಯಲ್ಲಿ ಬೇರೆಯವುಗಳಂತೆ ಚಾಚಿದ ಕೊಕ್ಕೆಗಳಿರುವುದಿಲ್ಲ, ರಂಧ್ರಗಳು ಮಾತ್ರ ಇರುತ್ತವೆ.

ತಟ್ಟೆಯ ಮೇಲೆ ಅಚ್ಚಾದ ಹೆಸರನ್ನು ನೋಡಿ ಯಂತ್ರವೂ ಅದೇ ಕಂಪನಿಯದೆಂದು ತೀರ್ಮಾನಿಸಬಾರದು. ಪಾಲಿಫೋನಿನ 15½ ಇಂಚಿನ ತಟ್ಟೆಗಳು ರೆಜಿನಾದ 15½ ಇಂಚಿನ ಯಂತ್ರದಲ್ಲಿಯೂ ನುಡಿಯುತ್ತವೆ, ಮೂಲದಲ್ಲಿ ಎರಡರ ವಿನ್ಯಾಸವೂ ಒಬ್ಬನದೇ. ಆದ್ದರಿಂದ ಹೆಸರನ್ನು ಯಂತ್ರದ ತಳಫಲಕದ ಮೇಲೆ ಹುಡುಕಬೇಕು, ತಟ್ಟೆಯ ವ್ಯಾಸವನ್ನು ಅಳೆಯಬೇಕು, ತಟ್ಟೆಯನ್ನು ತಿರುಗಿಸುವ ಹಲ್ಲುಗಾಲಿ ಅಂಚಿನ ರಂಧ್ರಗಳಿಗೆ ಸಿಕ್ಕುತ್ತದೆಯೋ ನಡುವಿನಿಂದ ತಿರುಗಿಸುತ್ತದೆಯೋ ಬರೆದುಕೊಳ್ಳಬೇಕು. ಯಂತ್ರ ಕಳೆದು ಬರೀ ತಟ್ಟೆಗಳು ಉಳಿದಿದ್ದರೂ ಈ ಅಳತೆಗಳಿಂದ ಯಂತ್ರದ ಬಗೆಯನ್ನು ಊಹಿಸಲು ಸಾಧ್ಯವಿದೆ. ತುಕ್ಕು ಹಿಡಿದ ತಟ್ಟೆಗಳನ್ನು ಗುಜರಿಗೆ ಹಾಕುವ ಮುನ್ನ ದಯವಿಟ್ಟು ಇದನ್ನು ನೆನಪಿಡಿರಿ.

ಸಣ್ಣ ಹೊಸ ಪೆಟ್ಟಿಗೆಗಳ ಬಗ್ಗೆ ಎರಡೇ ಮಾತು ಸಾಕು. ಥೋರೆನ್ಸ್, ರೂಜ್ ಎಂಬ ಸೇಂಟ್ ಕ್ರಾದ ಹೆಸರುಗಳು ಇಪ್ಪತ್ತನೆಯ ಶತಮಾನದ ಆಭರಣ ಪೆಟ್ಟಿಗೆಗಳಲ್ಲಿ ಸಿಗುತ್ತವೆ, ಸ್ಯಾಂಕ್ಯೊ ಎಂಬುದು ಎರಡನೆಯ ಮಹಾಯುದ್ಧದ ನಂತರದ ಜಪಾನಿನದು. ಒಳಗೆ ಪ್ಲಾಸ್ಟಿಕ್ಕಿನ ಭಾಗ ಕಂಡರೆ ಮರದ ಕೆತ್ತನೆ ಎಷ್ಟೇ ಹಳೆಯದಾಗಿ ತೋರಿದರೂ ಯಂತ್ರ ಹಳೆಯದಲ್ಲ.

ಮಾರಿದವನ ಫಲಕ

ಮುಚ್ಚಳದ ಅಂಚಿನಲ್ಲೋ ಒಳಗಿನ ಗಾಜಿನ ಪಕ್ಕದಲ್ಲೋ ಲಂಡನ್, ಕಲ್ಕತ್ತಾ, ಮುಂಬಯಿ ಅಂಗಡಿಯ ಹೆಸರಿರುವ ಹಿತ್ತಾಳೆ ಅಥವಾ ದಂತವರ್ಣದ ಫಲಕ ಇದ್ದರೆ ಅದು ಮಾರಿದವರ ಹೆಸರು. ತಯಾರಕನನ್ನು ಗುರುತಿಸಲು ಅದು ನೆರವಾಗದು, ಆದರೂ ಅದನ್ನು ತೆಗೆಯಬಾರದು. ಪೆಟ್ಟಿಗೆ ನಮ್ಮ ಊರಿಗೆ ಬಂದ ದಾರಿಯನ್ನು ಹೇಳಬಲ್ಲದ್ದು ಅದೊಂದೇ. ಮನೆತನದಲ್ಲಿ ಉಳಿದ ಪಾವತಿ ಚೀಟಿ, ಮೋಡಿ ಲಿಪಿಯಲ್ಲಿ ಬರೆದ ಖರ್ಚಿನ ವಹಿಯ ನಮೂದು, ಪೆಟ್ಟಿಗೆಯ ಪಕ್ಕದಲ್ಲಿ ಅಜ್ಜ ಅಜ್ಜಿಯರು ಕುಳಿತ ಛಾಯಾಚಿತ್ರ ಇವನ್ನೂ ಅದರ ಜೊತೆಗೇ ಇಡಬೇಕು.

ಬರೆದಿಡುವ ಕ್ರಮ

ಕೊನೆಗೆ ಒಂದು ಹಾಳೆಯಲ್ಲಿ ಪೆಟ್ಟಿಗೆಯ ಅಳತೆ, ಉರುಳೆಯ ಉದ್ದ ಅಥವಾ ತಟ್ಟೆಯ ವ್ಯಾಸ, ಹಣಿಗೆಯ ಹಲ್ಲುಗಳ ಎಣಿಕೆ, ಮುರಿದ ಹಲ್ಲುಗಳೆಷ್ಟು, ಕ್ರಮಸಂಖ್ಯೆ ಮತ್ತು ಸ್ವರಶ್ರೇಣಿಯ ಸಂಖ್ಯೆ ಎಲ್ಲೆಲ್ಲಿ ಕಂಡವು, ಪ್ರತಿಯೊಂದು ಅಕ್ಷರಮುದ್ರೆ ಯಾವ ಭಾಗದ ಮೇಲಿದೆ ಎಂಬುದನ್ನು ಬರೆಯಬೇಕು. ಕಂಡದ್ದನ್ನು ಒಂದು ಕಡೆ, ಅದರಿಂದ ಊಹಿಸಿದ್ದನ್ನು ಇನ್ನೊಂದು ಕಡೆ ಬರೆಯುವುದು ಒಳ್ಳೆಯದು; ಎರಡೂ ಬೆರೆತರೆ ಮುಂದೆ ನೋಡುವವರಿಗೆ ಬಿಡಿಸಲಾಗದು. ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಸಂಗೀತ ಪೆಟ್ಟಿಗೆಗಳ ಅಭ್ಯಾಸಿಗಳ ಸಂಘಗಳಿವೆ. ಮುರಿದ ಹಲ್ಲಿನ ಚಿತ್ರವನ್ನೂ ಸೇರಿಸಿ ಇಂಥ ಹಾಳೆಯನ್ನು ಅವರಿಗೆ ಕಳುಹಿಸಿದರೆ ಹೋಲಿಸಿ ಹೇಳಲು ಅವರಿಗೆ ಸಾಕಷ್ಟು ಆಧಾರ ಸಿಗುತ್ತದೆ.

ಮಾರುವ ಆಲೋಚನೆ ಇರುವವರು ಕಾಲನಿರ್ಣಯವನ್ನು ಇನ್ನಷ್ಟು ಎಚ್ಚರದಿಂದ ಮಾಡಬೇಕು. 1972ರ ಪುರಾತನ ವಸ್ತುಗಳು ಮತ್ತು ಕಲಾಸಂಪತ್ತಿನ ಕಾಯಿದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ಕಲಾಕುಶಲ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ಪೆಟ್ಟಿಗೆ ಆ ವ್ಯಾಪ್ತಿಗೆ ಬರುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೆಲಸ. ನಮ್ಮ ಮೂರೂ ಜಿಲ್ಲೆಗಳವರು ಅದರ ಧಾರವಾಡ ವಲಯ ಕಚೇರಿಯಲ್ಲಿ ವಿಚಾರಿಸಬಹುದು. ಹೋಗುವಾಗ ಪೆಟ್ಟಿಗೆಯನ್ನು ಹೊತ್ತೊಯ್ಯದೆ, ಮೇಲೆ ಹೇಳಿದ ಹಾಳೆಯನ್ನೂ ಚಿತ್ರಗಳನ್ನೂ ಮೊದಲು ತೋರಿಸಿದರೆ ಸಾಕು.